ಎಲೀಯನ ನಿದ್ರೆಯೂ ನಮ್ಮ ಸಭೆಯ ರೋಗಿಗಳೂ

ಈ ತಿಂಗಳ ಪ್ರಸಂಗವನ್ನು ಓದುವದಕ್ಕೆ ಮುಂಚೆ ನಿಮ್ಮ ಸತ್ಯವೇದವನ್ನು ತೆರೆದು ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ಒಮ್ಮೆ ಮೆಲ್ಲಗೆ ಓದಿಕೊಳ್ಳಿರಿ. ಓದಲಿಕ್ಕೆ ಬಾರದವರು ಶಾಲೆಗೆ ಹೋಗುವ ಮಗುವಿನಿಂದ ಓದಿಸಿ ಕೇಳಿರಿ. ಆ ಅಧ್ಯಾಯವನ್ನು ನಾವು ಎಷ್ಟೋ ಸಾರಿ ಓದಿದ್ದೇವೆ, ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೇವೆ. ಆದರೆ ಮಾಡಿದಾಗಲೆಲ್ಲಾ ಬೆಟ್ಟದ ಮೇಲಣ ಗಾಳಿ, ಭೂಕಂಪ, ಬೆಂಕಿ, ಅವುಗಳ ತರುವಾಯ ಕೇಳಿಬಂದ ಮೆಲುದನಿ ಇವುಗಳನ್ನು ಕುರಿತೇ ಮಾತಾಡಿ, ಅದಕ್ಕೆ ಮುಂಚೆ ಅಡವಿಯಲ್ಲಿ ನಡೆದ ಸಂಗತಿಯನ್ನು ಹೊಸ್ತಿಲು ದಾಟುವವರಂತೆ ದಾಟಿಬಿಟ್ಟೆವು. ಈ ಸಾರಿ ಆ ಹೊಸ್ತಿಲಲ್ಲಿಯೇ ಸ್ವಲ್ಪ ಹೊತ್ತು ಕೂತುಕೊಳ್ಳೋಣ.

ಎಲೀಯನು ಅಲ್ಪನಂಬಿಕೆಯವನಲ್ಲವೆಂಬದು ನಿಮಗೆ ಗೊತ್ತು. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳ ಎದುರಿಗೆ ಒಬ್ಬನೇ ನಿಂತವನು ಅವನು. ಅವನ ಪ್ರಾರ್ಥನೆಗೆ ಪರಲೋಕದಿಂದ ಬೆಂಕಿ ಇಳಿಯಿತು. ವರುಷಗಟ್ಟಳೆ ನಿಂತುಹೋಗಿದ್ದ ಮಳೆ ಸುರಿಯಿತು. ಅರಸನಾದ ಅಹಾಬನ ರಥದ ಮುಂದೆ ಅವನು ಇಜ್ರೇಲಿನ ವರೆಗೂ ಓಡಿದನು. ಇಷ್ಟೆಲ್ಲಾ ಆದ ಮೇಲೆ ಈಜೆಬೆಲಳು ಕಳುಹಿಸಿದ ಒಂದು ಬೆದರಿಕೆಯ ಮಾತಿಗೆ ಅವನ ಎದೆ ಒಡೆದುಹೋಯಿತು. ಬೇರ್ಷೆಬಕ್ಕೆ ಓಡಿಬಂದು, ತನ್ನ ಆಳನ್ನು ಅಲ್ಲಿಯೇ ಬಿಟ್ಟು, ಒಬ್ಬನೇ ಅಡವಿಯೊಳಗೆ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಬಿದ್ದುಕೊಂಡು, ಇನ್ನು ಸಾಕು, ಪ್ರಾಣವನ್ನು ತೆಗೆದುಬಿಡು ಎಂದು ದೇವರನ್ನು ಬೇಡಿದನು. ಜೊತೆಯವರನ್ನು ದೂರಮಾಡುವದು, ಒಬ್ಬಂಟಿಯಾಗಿ ಮೂಲೆ ಹಿಡಿಯುವದು, ತಾನು ಯಾತಕ್ಕೂ ಬಾರದವನೆಂದು ಅಂದುಕೊಳ್ಳುವದು, ಸಾವನ್ನು ಬಯಸುವದು, ಇವೆಲ್ಲಾ ನಮ್ಮ ಹಳ್ಳಿಗಳಲ್ಲಿಯೂ ನಾವು ಕಂಡ ಗುರುತುಗಳೇ ಅಲ್ಲವೋ?

ಈಗ ದೇವರು ಏನು ಮಾಡಿದನೆಂಬದನ್ನು ನೋಡಿರಿ. ಗದರಿಸಲಿಲ್ಲ. ನಿನ್ನೆ ಬೆಂಕಿಯನ್ನು ಕಂಡವನು ಇಂದು ಹೀಗೆ ಬಿದ್ದಿರುವದು ನಾಚಿಕೆಯಲ್ಲವೋ ಎಂದು ಕೇಳಲಿಲ್ಲ. ಗುಪ್ತವಾದ ಪಾಪವೇನಿದೆ, ಹೇಳೆಂದು ಹಿಂಸಿಸಲಿಲ್ಲ. ಅವನನ್ನು ಮಲಗಗೊಡಿಸಿದನು. ದೂತನು ಬಂದು ಮೊದಲು ಅವನನ್ನು ಮುಟ್ಟಿದನು. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ತಂಬಿಗೆ ನೀರನ್ನೂ ತಲೆಯ ಹತ್ತಿರ ಇಟ್ಟು, ಎದ್ದು ತಿನ್ನೆಂದನು. ತಿಂದು ಕುಡಿದು ಅವನು ತಿರಿಗಿ ಮಲಗಿದನು. ದೇವರು ಅದಕ್ಕೂ ಬೇಸರಪಡಲಿಲ್ಲ. ದೂತನು ಎರಡನೆಯ ಸಾರಿ ಬಂದು, ದಾರಿ ಬಹು ದೂರವಾದದ್ದು, ನಿನ್ನ ಶಕ್ತಿಗೆ ಮೀರಿದ್ದು ಎಂದು ಹೇಳಿ ತಿರಿಗಿ ಉಣಿಸಿದನು. ಹೋರೇಬಿನ ಮೆಲುದನಿ ಬಂದದ್ದು ಇದಾಗಿ ನಾಲ್ವತ್ತು ದಿವಸಗಳ ಮೇಲೆ. ಅಲ್ಲಿಯೂ ಇನ್ನೊಂದು ಮಾತು ಉಂಟು. ನೀನು ಇಲ್ಲಿ ಏನು ಮಾಡುತ್ತೀ ಎಂದು ದೇವರು ಎರಡು ಸಾರಿ ಕೇಳಲಾಗಿ, ಪ್ರವಾದಿಯು ಎರಡು ಸಾರಿಯೂ ಒಂದೇ ದೂರನ್ನು, ತಾನೊಬ್ಬನೇ ಉಳಿದೆನೆಂಬದನ್ನು, ಅಕ್ಷರ ತಪ್ಪದೆ ಹೇಳಿದನು. ಮನಸ್ಸು ಮುರಿದವರ ಹತ್ತಿರ ಕೂತು ನೋಡಿದವರಿಗೆ ಇದು ಹೊಸದಲ್ಲ. ಅವರು ಹೇಳಿದ್ದನ್ನೇ ಹೇಳುವರು, ಕೇಳುವ ನಮಗೆ ಸಾಕಾಗುವದು. ದೇವರಿಗೆ ಸಾಕಾಗಲಿಲ್ಲ. ಆತನು ಎರಡು ಸಾರಿಯೂ ಪೂರ್ತಿಯಾಗಿ ಕೇಳಿ, ತರುವಾಯ ಅವನಿಗೆ ಮಾಡತಕ್ಕ ಕೆಲಸವನ್ನೂ ಜೊತೆಗೆ ಎಲೀಷನನ್ನೂ ಕೊಟ್ಟನು.

ಇಂಥಾ ಒಬ್ಬ ಎಲೀಯನು ನಮ್ಮ ಸಭೆಯಲ್ಲಿ ಕಾಯಿಲೆ ಬಿದ್ದರೆ ನಾವು ಅವನಿಗೆ ಏನು ಮಾಡುತ್ತೇವೆ?

ನಮ್ಮಲ್ಲಿ ಒಬ್ಬನಿಗೆ ಚಳಿಜ್ವರ ಬಂದರೆ ಮೂರನೆಯ ದಿವಸಕ್ಕೆ ರಕ್ತ ತೋರಿಸುತ್ತೇವೆ. ಹಾವು ಕಚ್ಚಿದರೆ ಅರ್ಧರಾತ್ರಿಯಾದರೂ ಟ್ರ್ಯಾಕ್ಟರು ಹೂಡುತ್ತೇವೆ. ಸಕ್ಕರೆ ಕಾಯಿಲೆಯವನು ದಿನಾಲು ಗುಳಿಗೆ ನುಂಗಿದರೆ ಅವನ ವಿಶ್ವಾಸದ ಮೇಲೆ ಯಾರೂ ಸಂಶಯಪಡುವದಿಲ್ಲ. ಆದರೆ ಒಬ್ಬ ಹೆಣ್ಣು ಮಗಳು ಒಲೆ ಹಚ್ಚದೆ, ತಲೆ ಬಾಚದೆ, ಯಾರ ಸಂಗಡವೂ ಮಾತಾಡದೆ ತಿಂಗಳುಗಟ್ಟಳೆ ಗೋಡೆಯನ್ನು ನೋಡುತ್ತಾ ಕೂತರೆ, ಅದಕ್ಕೆ ಮೈಗಳ್ಳತನವೆನ್ನುತ್ತೇವೆ. ಒಬ್ಬ ಹುಡುಗನು ಯಾರೂ ಇಲ್ಲದ ಕಡೆಯಲ್ಲಿ ಯಾರೋ ತನ್ನನ್ನು ಬೈಯುತ್ತಾರೆಂದು ಕಿವಿ ಮುಚ್ಚಿಕೊಂಡರೆ, ಗಾಳಿ ಸೋಕಿದೆಯೆನ್ನುತ್ತೇವೆ. ನಾವು ದೀಕ್ಷಾಸ್ನಾನ ಹೊಂದಿದವರು ತಾಯಿತವನ್ನು ಬಿಟ್ಟೆವೆಂದು ಹೇಳಿಕೊಳ್ಳುತ್ತೇವೆ. ಆದರೆ ಈ ಒಂದು ರೋಗದ ವಿಷಯದಲ್ಲಿ ಹಳೆಯ ಭಯವು ಹೊಸ ಅಂಗಿ ತೊಟ್ಟುಕೊಂಡು ನಮ್ಮ ಮನೆಗಳಲ್ಲಿಯೇ ಕೂತಿರುವದು. ಮನೆಯಲ್ಲಿ ತಂಗಿಯಿದ್ದರೆ ಅವಳ ಮದುವೆ ನಿಂತೀತೆಂದು ರೋಗಿಯನ್ನು ಹಿಂದಿನ ಕೋಣೆಯಲ್ಲಿ ಅಡಗಿಸುತ್ತೇವೆ. ಆದಿತ್ಯವಾರದ ಪ್ರಾರ್ಥನೆಯಲ್ಲಿ ಮೊಣಕಾಲು ನೋವಿನವರ ಹೆಸರುಂಟು, ಕಣ್ಣಿನ ಪೊರೆ ತೆಗೆಸಿಕೊಂಡವರ ಹೆಸರುಂಟು; ಈ ರೋಗಿಗಳ ಹೆಸರು ಒಂದೂ ಇಲ್ಲ. ಹೆಸರಿಲ್ಲದ ಮಾತ್ರಕ್ಕೆ ರೋಗಿಗಳು ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ಈ ದೇಶದ 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಲಾಗಿ, ಪ್ರಾಯಕ್ಕೆ ಬಂದ ನೂರು ಮಂದಿಯಲ್ಲಿ ಹತ್ತು ಮಂದಿಗಿಂತ ಹೆಚ್ಚಾಗಿ ಯಾವದಾದರೊಂದು ವಿಧದ ಮನೋವ್ಯಾಧಿಯುಳ್ಳವರಾಗಿ ಕಂಡುಬಂದರು. ಅವರಲ್ಲಿ ರೋಗಕ್ಕೆ ತಕ್ಕಂತೆ ನೂರಕ್ಕೆ 70ರಿಂದ 92ರ ವರೆಗೆ ಚಿಕಿತ್ಸೆಯಿಲ್ಲದೆ ಇದ್ದರು. ನಿಮ್ಮ ಸಭೆಯಲ್ಲಿ ಎಷ್ಟು ಮಂದಿ ಕೂಡುತ್ತಾರೆಂಬದನ್ನು ನೀವೇ ಎಣಿಸಿಕೊಳ್ಳಿರಿ.

ಈ ಪ್ರಸಂಗವನ್ನು ಬರೆಯುವ ನಾವು ಇದರಲ್ಲಿ ಅಪರಾಧವಿಲ್ಲದವರಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಿದರೆ ಕರ್ತನು ಮೆಚ್ಚುವದಿಲ್ಲ; ಆದದರಿಂದ ಹೇಳುತ್ತೇವೆ.

ಕೆಲವು ವರುಷಗಳ ಹಿಂದೆ ನಾವು ಮಲಪ್ರಭಾ ಹೊಳೆಯ ಆಚೆಯ ಒಂದು ಊರಲ್ಲಿ ಸಭೆಯ ಸೇವೆ ಮಾಡುತ್ತಿದ್ದೆವು. ಅಲ್ಲಿ ಒಬ್ಬ ವಿಧವೆಯ ಮಗನಿದ್ದನು. ವಯಸ್ಸು ಇಪ್ಪತ್ತೆರಡು, ಹಾಡುವದರಲ್ಲಿ ಮುಂದು, ಆರಾಧನೆಯ ಗಂಟೆ ಹೊಡೆಯುವವನು ಅವನೇ. ಅವನಿಗೆ ಮನಸ್ಸಿನ ಕಾಯಿಲೆ ಬಂದು, ಜಿಲ್ಲಾ ಆಸ್ಪತ್ರೆಯ ವೈದ್ಯರು ಕೊಟ್ಟ ಗುಳಿಗೆಗಳಿಂದ ಗುಣವಾಗಿ, ಒಂದು ವರುಷದಿಂದ ಹೊಲಗೆಲಸ ಮಾಡಿಕೊಂಡಿದ್ದನು. ಆ ಬೇಸಿಗೆಯಲ್ಲಿ ನಮ್ಮ ಊರಲ್ಲಿ ಉಜ್ಜೀವನ ಕೂಟಗಳು ನಡೆದವು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ವೇದಿಕೆಯ ಮೇಲಿಂದ, ಮನಸ್ಸಿನ ಔಷಧವೆಂಬದು ಸೈತಾನನ ಸರಪಳಿ, ನಂಬುವವರು ಅದನ್ನು ಹರಿದು ಬಿಸಾಡಲಿ ಎಂದು ಕೂಗಿದರು. ಜನರು ಆಮೆನ್ ಎಂದರು. ಅವರ ಸಂಗಡ ವೇದಿಕೆಯ ಮೇಲೆ ಕೂತಿದ್ದ ನಾವೂ ಎಂದೆವು. ಕೂಟ ಮುಗಿದ ಮೇಲೆ ಆ ಹುಡುಗನು ಕತ್ತಲಲ್ಲಿ ನಮ್ಮ ಹತ್ತಿರ ಬಂದು, ಗುಳಿಗೆಯನ್ನು ಬಿಡಲೋ ಎಂದು ಮೆಲ್ಲಗೆ ಕೇಳಿದನು. ಬಂದ ಅತಿಥಿಯ ಮಾತನ್ನು ಅಲ್ಲಗಳೆಯಲಿಕ್ಕೆ ನಮಗೆ ಧೈರ್ಯ ಸಾಲದೆ, ನಂಬಿಕೆಯಿದ್ದವನಿಗೆ ಗುಳಿಗೆ ಯಾಕೆ ಎಂದೆವು. ಅವನು ನಮಸ್ಕಾರ ಮಾಡಿ ಹೋದನು. ನಾವು ಮನೆಗೆ ಬಂದು, ಊಟಮಾಡಿ, ಗಡಿಯಾರ ನೋಡಿ, ನಮ್ಮ ರಕ್ತದೊತ್ತಡದ ಗುಳಿಗೆಯನ್ನು ನೀರಿನ ಸಂಗಡ ನುಂಗಿ ಮಲಗಿದೆವು.

ಆ ರಾತ್ರಿ ಇದರಲ್ಲಿ ಏನಾದರೂ ತಪ್ಪಿದೆಯೆಂದು ನಮಗೆ ಹೊಳೆಯಲಿಲ್ಲ.

ಮೊದಲನೆಯ ತಿಂಗಳು ಹುಡುಗನು ಚೆನ್ನಾಗಿಯೇ ಇದ್ದನು. ಕೂಟದಲ್ಲಿ ಸಾಕ್ಷಿಯನ್ನೂ ಹೇಳಿದನು. ಎರಡನೆಯ ತಿಂಗಳು ನಿದ್ರೆ ಕೆಟ್ಟಿತು. ಮೂರನೆಯ ತಿಂಗಳು ತಾಯಿ ಅನ್ನಕ್ಕೆ ವಿಷ ಹಾಕುತ್ತಾಳೆಂದು ಊಟ ಬಿಟ್ಟು, ಒಂದು ರಾತ್ರಿ ಮನೆ ಬಿಟ್ಟು ಹೋದನು. ಒಂಭತ್ತು ದಿವಸಗಳ ಮೇಲೆ ದೂರದ ಒಂದು ಬಸ್ ನಿಲ್ದಾಣದಲ್ಲಿ ಮೈಮೇಲೆ ಅರಿವೆಯಿಲ್ಲದೆ ಸಿಕ್ಕಿದನು. ನಾವು ನೋಡಲಿಕ್ಕೆ ಹೋದಾಗ ದನದ ಕೊಟ್ಟಿಗೆಯ ಕಂಬಕ್ಕೆ ಅವನ ಕಾಲನ್ನು ಎತ್ತಿನ ಸರಪಳಿಯಿಂದ ಕಟ್ಟಿದ್ದರು. ಕಣಕಾಲಿನ ಗಾಯಕ್ಕೆ ನೊಣ ಮುತ್ತಿತ್ತು. ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ, ಬೈಯಲಿಲ್ಲ. “ಪಾದ್ರಿಯವ್ರ, ನಂಬಿಗಿ ಇದ್ದಾಂವಗ ಗುಳಿಗಿ ಯಾಕ ಅಂತ ನೀವ ಕೇಳಿದ್ರಿ. ಈಗ ಇದನ್ನ ಬಿಚ್ಚಾಕೂ ನೀವ ಬರ್ರಿ” ಎಂದಳು.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ವಾಸಿಸುತ್ತಿದ್ದ ಮನುಷ್ಯನ ಸಂಗತಿ ಬರೆದದೆ. ಅವನನ್ನು ಸರಪಳಿಗಳಿಂದ ಕಟ್ಟಿದವರು ಊರಿನವರು. ಕರ್ತನು ಬಂದ ಮೇಲೆ ಅವನು ಬಟ್ಟೆ ಹಾಕಿಕೊಂಡು, ಬುದ್ಧಿ ಸ್ವಸ್ಥವಾಗಿ, ಆತನ ಹತ್ತಿರ ಕೂತಿದ್ದನು. ಆ ಕೊಟ್ಟಿಗೆಯಲ್ಲಿ ನಿಂತಾಗ ನಾವು ಆ ಅಧ್ಯಾಯದಲ್ಲಿ ಯಾರ ಪಕ್ಷದವರೆಂಬದು ನಮಗೆ ತಿಳಿಯಿತು.

ಇಲ್ಲಿ ಕೆಲವರು, ಅಯ್ಯನವರೇ, ಆ ಮನುಷ್ಯನಿಗೆ ದೆವ್ವ ಹಿಡಿದಿತ್ತೆಂದು ಸತ್ಯವೇದವೇ ಹೇಳುತ್ತದಲ್ಲಾ ಎಂದು ಕೇಳುವರು. ಹೌದು, ಹೇಳುತ್ತದೆ. ಆದರೆ ಅದೇ ಸತ್ಯವೇದವು ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಕರ್ತನ ಬಳಿಗೆ ಕರತಂದವರನ್ನು ಎಣಿಸುವಾಗ ದೆವ್ವ ಹಿಡಿದವರನ್ನು ಬೇರೆಯಾಗಿಯೂ, ಮೂರ್ಛೆರೋಗದವರನ್ನು ಬೇರೆಯಾಗಿಯೂ, ಪಾರ್ಶ್ವವಾಯುವಿನವರನ್ನು ಬೇರೆಯಾಗಿಯೂ ಹೇಳುತ್ತದೆ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವದಿಲ್ಲ. ಎಲೀಯನಿಗೆ ದೆವ್ವ ಹಿಡಿದಿತ್ತೆಂದು ಎಲ್ಲಿಯೂ ಬರೆಯಲಿಲ್ಲ. ಏಷ್ಯದಲ್ಲಿ ಬಂದ ಕಷ್ಟದಲ್ಲಿ ಬದುಕುವ ಆಶೆಯನ್ನೇ ಬಿಟ್ಟೆನೆಂದು ಪೌಲನು ಕೊರಿಂಥದವರಿಗೆ ತಾನೇ ಬರೆದನು, ಅವನಿಗೂ ದೆವ್ವವಿರಲಿಲ್ಲ. ಮೂರ್ಛೆ ಬಿದ್ದವನಿಗೆ ಚಪ್ಪಲಿ ಮೂಸಿಸುವ, ಕೈಯಲ್ಲಿ ಕೀಲಿಕೈ ಹಿಡಿಸುವ ಪದ್ಧತಿಯನ್ನು ನಮ್ಮ ವಿಶ್ವಾಸಿಗಳ ಮನೆಗಳಲ್ಲಿಯೇ ಈಚೆಗೂ ಕಂಡಿದ್ದೇವೆ, ಇದು ಯಾವ ಅಪೊಸ್ತಲನ ಉಪದೇಶವೋ ನಾವರಿಯೆವು.

ಮಿದುಳು ಎಂಬದು ದೇವರು ನಿರ್ಮಿಸಿದ ಅವಯವ. ಹೊಟ್ಟೆಯೂ ಎದೆಯೂ ಕೆಡುವ ಹಾಗೆ ಅದೂ ಕೆಡುವದು. ವಂಶದಿಂದ ಬಂದ ಬಲಹೀನತೆ, ಬಹಳ ದಿವಸ ಹೊತ್ತ ದುಃಖ, ಸಾಲ, ಮದ್ಯ, ಹೆರಿಗೆ, ತಲೆಗೆ ಬಿದ್ದ ಪೆಟ್ಟು, ಹೀಗೆ ಕಾರಣಗಳು ಅನೇಕ. ಹಲವು ಕಾರಣಗಳು ಕೂಡಿಯೂ ಬರುವವು. ಕಾರಣವಿಲ್ಲದೆ ಬಂದಂತೆ ತೋರುವದೂ ಉಂಟು. ದುಃಖಪಡುವವರೆಲ್ಲಾ ರೋಗಿಗಳೆಂದು ಹೇಳುವದಿಲ್ಲ. ಗಂಡನನ್ನು ಮಣ್ಣುಮಾಡಿದವಳು ಅಳುವದಕ್ಕೆ ಗುಳಿಗೆ ಬೇಕಾಗಿಲ್ಲ, ಹತ್ತಿರ ಕೂಡುವವರು ಬೇಕು. ಆದರೆ ಎರಡು ವಾರಗಳಿಗಿಂತ ಹೆಚ್ಚಾಗಿ ದಿನಾಲು ಮನಸ್ಸು ಕುಗ್ಗಿ, ಮುಂಚೆ ಸಂತೋಷಕೊಟ್ಟದ್ದರಲ್ಲಿ ರುಚಿಯಿಲ್ಲದೆ ಹೋಗಿ, ಊಟ ನಿದ್ರೆ ಕೆಟ್ಟು, ಕೆಲಸ ನಿಂತುಹೋದರೆ, ಅದು ವೈದ್ಯರು ನೋಡತಕ್ಕ ಕಾಯಿಲೆ. ಇಲ್ಲದ ಸ್ವರಗಳನ್ನು ಕೇಳುವದೂ, ಎಲ್ಲರೂ ತನ್ನ ಕೊಲೆಗೆ ಹೊಂಚುತ್ತಾರೆಂದು ನಂಬುವದೂ ಕಾಯಿಲೆ. ರಾತ್ರಿಯೆಲ್ಲಾ ಮಲಗದೆ, ದಣಿಯದೆ, ತಾನೇ ದೊರೆಯೆಂಬಂತೆ ಮಾತಾಡಿ ಹಣ ಚೆಲ್ಲುವದೂ ಕಾಯಿಲೆ. ಹೆತ್ತ ಕೆಲವು ದಿನ ವಾರಗಳೊಳಗೆ ಬಾಣಂತಿಯು ನಿದ್ರೆಯಿಲ್ಲದೆ ಏನೇನೋ ಮಾತಾಡುತ್ತಾ ಕೂಸಿನ ಗುರುತೂ ಇಲ್ಲದವಳಾದರೆ, ಅದು ಒಂದು ದಿನವೂ ತಡಮಾಡಬಾರದ ಕಾಯಿಲೆ. ತಾಯಿ ಕೂಸು ಇಬ್ಬರ ಪ್ರಾಣವೂ ಅದರಲ್ಲಿದೆ.

ಇವುಗಳಿಗೆ ಔಷಧವುಂಟು. ನಮ್ಮ ಅಜ್ಜಂದಿರ ಕಾಲಕ್ಕೆ ಬಹಳವಾಗಿ ಇರಲಿಲ್ಲ. ಕಟ್ಟಿಹಾಕುವದಲ್ಲದೆ ಅವರಿಗೆ ಬೇರೆ ದಾರಿ ಕಾಣಲಿಲ್ಲವೆಂದರೆ ಅವರನ್ನು ನಾವು ದೂರಲಾರೆವು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಲವಣದಿಂದ ಉನ್ಮಾದವು ಶಾಂತವಾಗುವದನ್ನು ಕಂಡರು. 1952ರಲ್ಲಿ ಫ್ರಾನ್ಸ್ ದೇಶದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಬಳಕೆಗೆ ಬಂತು. ಅಲ್ಲಿಂದ ಈಚೆಗೆ ಇನ್ನೂ ಅನೇಕ ಬಂದವು. ಅವು ಜ್ವರದ ಗುಳಿಗೆಯಂತೆ ಅದೇ ರಾತ್ರಿ ಗುಣ ತೋರಿಸುವದಿಲ್ಲ. ಮನಸ್ಸು ಕುಗ್ಗುವ ಕಾಯಿಲೆಯ ಗುಳಿಗೆಗೆ ಎರಡು ನಾಲ್ಕು ವಾರಗಳು ಹಿಡಿಯುವದು. ವಾರದಲ್ಲಿ ಗುಣ ಕಾಣಲಿಲ್ಲವೆಂದು ಕೆಲವರು ಬಿಡುತ್ತಾರೆ, ಗುಣವಾಯಿತೆಂದು ಮತ್ತೆ ಕೆಲವರು ಬಿಡುತ್ತಾರೆ. ಇಬ್ಬರೂ ನೀರಿನ ನಡುವೆ ತೆಪ್ಪದಿಂದ ಇಳಿದವರೇ. ಬಾಯಿ ಒಣಗುವದು, ಮೈ ಭಾರವಾಗುವದು, ಕೈ ನಡುಗುವದು ಮುಂತಾದ ತೊಂದರೆಗಳು ಕೆಲವು ಗುಳಿಗೆಗಳಿಂದ ಬರುವದುಂಟು. ಅದನ್ನು ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಗುಳಿಗೆಯಿಂದಲೇ ಎಲ್ಲವೂ ಆಗುವದೆಂದು ನಾವು ಹೇಳುವದಿಲ್ಲ. ಮಾತಿನಿಂದ ಮಾಡುವ ಚಿಕಿತ್ಸೆಯೂ ಉಂಟು. ಮಾಡಲಿಕ್ಕೆ ಕೆಲಸವೂ, ಹೊತ್ತಿಗೆ ಸರಿಯಾಗಿ ರೊಟ್ಟಿಯೂ, ಜೊತೆಗೆ ಒಬ್ಬ ಎಲೀಷನೂ ಬೇಕು.

ಹಾಗಾದರೆ ಪ್ರಾರ್ಥನೆ ಎಲ್ಲಿ ಉಳಿಯಿತೆಂದು ಕೇಳುತ್ತೀರೋ? ಹಿಜ್ಕೀಯ ಅರಸನ ಸಂಗತಿಯನ್ನು ನೋಡಿರಿ. ಅವನು ಮರಣಕರವಾದ ಹುಣ್ಣಿನಿಂದ ಮಲಗಿ, ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ಅವನ ಆಯುಷ್ಯಕ್ಕೆ ಹದಿನೈದು ವರುಷ ಕೂಡಿಸುವೆನೆಂದು ದೇವರು ಯೆಶಾಯನ ಬಾಯಿಂದ ವಾಗ್ದಾನಮಾಡಿದನು. ದೇವರ ಮಾತೇ ಬಂದ ಮೇಲೆ ಮತ್ತೇನು ಬೇಕು? ಆದರೂ ಆ ವಾಗ್ದಾನವನ್ನು ತಂದ ಪ್ರವಾದಿಯೇ, ಅಂಜೂರದ ಉಂಡೆಯನ್ನು ತಂದು ಹುಣ್ಣಿಗೆ ಕಟ್ಟಿರೆಂದು ಹೇಳಿದನು. ಪ್ರವಾದಿಗೆ ನಂಬಿಕೆ ಕಡಿಮೆಯಾಗಿತ್ತೋ? ತಿಮೊಥೆಯನ ಹೊಟ್ಟೆಯ ಬೇನೆಗೆ ಪೌಲನು ಕೈಮದ್ದು ಹೇಳಿದನು; ಅವನ ಪ್ರಯಾಣದಲ್ಲಿ ಜೊತೆಗಿದ್ದ ಲೂಕನು ವೈದ್ಯನು. ಗುಳಿಗೆ ನುಂಗುವ ಮುಂಚೆ ಪ್ರಾರ್ಥಿಸಿರಿ, ನುಂಗಿದ ಮೇಲೂ ಪ್ರಾರ್ಥಿಸಿರಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು ಪ್ರಾರ್ಥಿಸಿರಿ. ಹುಣ್ಣಿನ ಮೇಲಿಂದ ಅಂಜೂರವನ್ನು ಕಿತ್ತು ಬಿಸಾಡಿ ಪ್ರಾರ್ಥಿಸಬೇಡಿರಿ.

ಭಕ್ತಿ ಬಲವಾಗಿದ್ದರೆ ಈ ರೋಗ ಬಾರದೆಂದು ಹೇಳುವವರು ವಿಲ್ಯಂ ಕೌಪರನನ್ನು ತಿಳಿಯಲಿ. ಇಂಗ್ಲಂಡ್ ದೇಶದ ಕವಿ, 1731ರಲ್ಲಿ ಹುಟ್ಟಿದವನು. 1763ರಲ್ಲಿ ಬುದ್ಧಿ ಕದಡಿ ಪ್ರಾಣ ಕಳೆದುಕೊಳ್ಳಲಿಕ್ಕೆ ಯತ್ನಿಸಿದ ಮೇಲೆ ಅವನನ್ನು ಸೇಂಟ್ ಆಲ್ಬನ್ಸ್ ಊರಿನ ಕಾಟನ್ ಎಂಬ ವೈದ್ಯನ ಮನೆಯಲ್ಲಿ ಇಟ್ಟರು. ಆ ವೈದ್ಯನ ಆರೈಕೆಯಲ್ಲಿ ಗುಣವಾಗುತ್ತಿರುವಾಗ, ತೋಟದ ಬೆಂಚಿನ ಮೇಲಿದ್ದ ಸತ್ಯವೇದವನ್ನು ತೆರೆದು ಅವನು ಕರ್ತನನ್ನು ಕಂಡುಕೊಂಡನು. ತರುವಾಯ ಓಲ್ನಿ ಎಂಬ ಹಳ್ಳಿಯ ಸಭಾಪಾಲಕನಾದ ಜಾನ್ ನ್ಯೂಟನನ ಸಂಗಡ ಸೇರಿ ಅರುವತ್ತಕ್ಕಿಂತ ಹೆಚ್ಚು ಕೀರ್ತನೆಗಳನ್ನು ಬರೆದನು. ಆದರೂ 1773ರಲ್ಲಿ ರೋಗವು ತಿರಿಗಿ ಬಂತು. ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂಬ ಭ್ರಮೆಯು ಹಿಡಿದು, ಅವನು ಆರಾಧನೆಗೆ ಹೋಗುವದನ್ನೇ ನಿಲ್ಲಿಸಿದನು. ಜಾನ್ ನ್ಯೂಟನನು ಏನು ಮಾಡಿದನು? ಅವನನ್ನು ಸಭೆಯ ಪಟ್ಟಿಯಿಂದ ಹೊಡೆದುಹಾಕಲಿಲ್ಲ. ತನ್ನ ಮನೆಯೊಳಗೇ ಕರಕೊಂಡು ಒಂದು ವರುಷಕ್ಕೂ ಮೇಲ್ಪಟ್ಟು ಇಟ್ಟುಕೊಂಡನು. ಕೌಪರನು 1800ರಲ್ಲಿ ತೀರಿಕೊಂಡನು. ಆ ಕತ್ತಲೆಯು ಕಡೆಯ ವರೆಗೂ ಪೂರ್ತಿಯಾಗಿ ಬಿಡಲಿಲ್ಲ. ಎಲ್ಲರಿಗೂ ಗುಣವಾಗುವದೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಿಕ್ಕೆ ನಮಗೆ ಮನಸ್ಸಿಲ್ಲದ್ದರಿಂದ ಇದನ್ನೂ ಹೇಳಿದೆವು. ಅವನ ಕೀರ್ತನೆಗಳನ್ನು ಸಭೆಗಳು ಇಂದಿಗೂ ಹಾಡುತ್ತವೆ.

ಸರಪಳಿಯ ವಿಷಯದಲ್ಲಿ ಒಂದೆರಡು ಮಾತು ಹೇಳಬೇಕು. 2001ನೆಯ ಇಸವಿ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದದರಿಂದ ಓಡಲಾರದೆ 28 ಮಂದಿ ಸುಟ್ಟು ಸತ್ತರು. ಅದು ಬೇರೆ ಮತದವರ ಯಾತ್ರಾಸ್ಥಳವೆಂದು ನಾವು ಸುಮ್ಮನಿರಲಾಗದು; ನಾವು ನೋಡಿದ ಕೊಟ್ಟಿಗೆಯ ಗೋಡೆಯ ಮೇಲೆ ಶಿಲುಬೆ ತೂಗಿತ್ತು. ಈಗ ದೇಶದ ಕಾಯಿದೆಯೂ ಇದರಲ್ಲಿ ಸ್ಪಷ್ಟವಾಗಿದೆ. 2017ರಲ್ಲಿ ಮಾಡಲ್ಪಟ್ಟು 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಯಾವ ಮನೋರೋಗಿಯನ್ನೂ ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಬಾರದು. ಚಿಕಿತ್ಸೆಯ ವಿಷಯದಲ್ಲಿ ಅವನನ್ನು ದೇಹರೋಗಿಗೆ ಸಮಾನವಾಗಿ ನಡಿಸಬೇಕು. ಸಭೆಗೆ ಮುಂಚೆ ಸರಕಾರವು ಈ ಮಾತನ್ನು ಹೇಳಿತೆಂಬದು ನಮಗೆ ನಾಚಿಕೆ. ಆದರೂ ನಮ್ಮ ಹಿರಿಯರಲ್ಲಿ ಮುಂದಾಗಿ ನಡೆದವರೂ ಇದ್ದರು. 1796ರಲ್ಲಿ ಇಂಗ್ಲಂಡಿನ ಯಾರ್ಕ್ ಪಟ್ಟಣದಲ್ಲಿ ವಿಲ್ಯಂ ಟ್ಯೂಕ್ ಎಂಬ ಚಹದ ವ್ಯಾಪಾರಿಯೂ ಅವನ ಕ್ವೇಕರ್ ಸಹೋದರರೂ ಸರಪಳಿಯಿಲ್ಲದ ಒಂದು ಮನೆಯನ್ನು ಮನೋರೋಗಿಗಳಿಗಾಗಿ ತೆರೆದು, ತೋಟಗೆಲಸವನ್ನೂ ಒಳ್ಳೇ ಮಾತನ್ನೂ ಔಷಧಮಾಡಿದರು. ನಮ್ಮ ನೆರೆಯ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರು 1957ರಲ್ಲಿ ಮನೋರೋಗಿಗಳಿಗೆ ಆಸ್ಪತ್ರೆ ಕಟ್ಟಿದಾಗ, ರೋಗಿಯ ಸಂಗಡ ಮನೆಯವರೂ ಬಂದು ಇರಬೇಕೆಂದು ನೇಮಿಸಿದರು. ರೋಗಿಯನ್ನು ಬಿಟ್ಟು ಓಡಿಹೋಗಬಾರದು, ಆರೈಕೆಯನ್ನು ಕಲಿತು ಕರಕೊಂಡು ಹೋಗಬೇಕು; ಎಂಥಾ ಒಳ್ಳೇ ನೇಮ!

ದೂರದ ಊರಿಗೆ ಹೋಗಲಿಕ್ಕೆ ಹಣವೆಲ್ಲಿ ಎನ್ನುವವರು ಕೇಳಿರಿ. 1985ರಲ್ಲಿ ನಿಮ್ಹಾನ್ಸಿನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ದಾದಿಯರಿಗೂ ಕಲಿಸಿ ಈ ರೋಗಗಳಿಗೆ ಅಲ್ಲಿಯೇ ಔಷಧ ಕೊಡಿಸಬಹುದೆಂದು ತೋರಿಸಿಕೊಟ್ಟರು. ಅದನ್ನೇ ಮಾದರಿಮಾಡಿಕೊಂಡು 1996ರಿಂದ ದೇಶದ ಬೇರೆ ಜಿಲ್ಲೆಗಳಲ್ಲಿಯೂ ನಡಿಸಿದರು. ಆದದರಿಂದ ಮೊದಲು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿವಸ ಬರುತ್ತಾರೆಂದು ವಿಚಾರಿಸಿರಿ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಉಂಟು. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಹಣವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ದೇವಾಲಯದ ಬಾಗಿಲ ಮೇಲೆ ಸುಣ್ಣದಿಂದ ಬರೆದರೆ ಗೋಡೆ ಕೆಡುವದಿಲ್ಲ.

ಯಾರಾದರೂ ಸಾಯಬೇಕೆನ್ನಿಸುತ್ತದೆಂದು ಹೇಳಿದರೆ, ಬಾಯಿ ಮುಚ್ಚು, ಅದು ಮಹಾ ಪಾಪ ಎಂದು ಗದರಿಸಬೇಡಿರಿ. ಎಲೀಯನು ಹಾಗೆ ಹೇಳಿದಾಗ ದೇವರು ರೊಟ್ಟಿ ಕೊಟ್ಟನು. ಸಂಶಯವಿದ್ದರೆ ನೀವೇ ಬಾಯಿಬಿಟ್ಟು ಕೇಳಿರಿ. ಕೇಳುವದರಿಂದ ಇಲ್ಲದ ಯೋಚನೆ ಹುಟ್ಟುವದಿಲ್ಲ, ಇದ್ದ ಭಾರ ಇಳಿಯುವದು. ಅವನನ್ನು ಒಬ್ಬನೇ ಬಿಡಬೇಡಿರಿ. ಮನೆಯಲ್ಲಿರುವ ಹೊಲದ ಔಷಧವನ್ನು ಬೀಗ ಹಾಕಿ, ಬೀಗದ ಕೈಯನ್ನು ಬೇರೆಯವರಿಗೆ ಕೊಡಿರಿ. ಅದೇ ದಿವಸ ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಪೊಲೀಸರ ಭಯದಿಂದ ಅಡಗಿಸಬೇಡಿರಿ; ಅಂಥಾ ಯತ್ನ ಮಾಡಿದವನು ಮನಸ್ಸಿನ ಬಹು ಒತ್ತಡದಲ್ಲಿದ್ದನೆಂದೇ ಎಣಿಸಿ ಅವನಿಗೆ ಆರೈಕೆ ಮಾಡಬೇಕೆಂದು ಮೇಲೆ ಹೇಳಿದ ಕಾಯಿದೆಯು ವಿಧಿಸುತ್ತದೆ.

ಮತ್ತು ಯೋಬನ ಸ್ನೇಹಿತರಿಂದ ಕಲಿಯಿರಿ. ಅವರು ಏಳು ದಿವಸ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟರ ವರೆಗೆ ಅವರು ಒಳ್ಳೇ ಸ್ನೇಹಿತರೇ. ಬಾಯಿ ತೆರೆದು ಕಾರಣ ಹೇಳಲಾರಂಭಿಸಿದ ಮೇಲೆ ಕೆಟ್ಟರು.

ಆ ವಿಧವೆಯ ಮಗನ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆವು. ಆ ದಿವಸವೇ ಸರಪಳಿ ಬಿಚ್ಚಿ, ಸಭೆಯ ಇಬ್ಬರು ಹಿರಿಯರ ಸಂಗಡ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋದೆವು. ಗುಳಿಗೆ ಯಾಕೆ ನಿಂತಿತೆಂದು ವೈದ್ಯರು ಕೇಳಿದಾಗ ತಾಯಿ ನಮ್ಮ ಮುಖವನ್ನು ನೋಡಿ ಸುಮ್ಮನಾದಳು, ನಾವೇ ಹೇಳಬೇಕಾಯಿತು. ಮೊದಲನೆಯ ಸಾರಿ ಎರಡು ತಿಂಗಳಲ್ಲಿ ಬಂದ ಗುಣ ಈ ಸಾರಿ ಹತ್ತು ತಿಂಗಳು ಹಿಡಿಯಿತು, ಅದೂ ಮುಂಚಿನಷ್ಟಲ್ಲ. ಮುಂಚಿನ ಹಾಡು ಅವನಲ್ಲಿ ಬರಲಿಲ್ಲ. ಕೈ ಸ್ವಲ್ಪ ನಡುಗುತ್ತದೆ. ಆದರೆ ಗಂಟೆಯನ್ನು ತಿರಿಗಿ ಅವನೇ ಹೊಡೆಯುತ್ತಾನೆ. ನಾವು ಅವನ ಕ್ಷಮೆ ಬೇಡಿದೆವು. ಅವನು ಬಹಳ ಹೊತ್ತು ನೆಲವನ್ನು ನೋಡಿ, ಪ್ರಾರ್ಥನೆಯಲ್ಲಿ ತನ್ನ ಹೆಸರನ್ನೂ ಕಾಯಿಲೆಯನ್ನೂ ಇದ್ದ ಹಾಗೆ ಹೇಳಿರೆಂದನು.

ಮುಂದಿನ ಆದಿತ್ಯವಾರ ಹಾಗೆಯೇ ಮಾಡಿದೆವು. ಮೊಣಕಾಲು ನೋವಿನವರ, ಕಣ್ಣಿನವರ ಹೆಸರುಗಳಾದ ಮೇಲೆ ಅವನ ಹೆಸರನ್ನು ಹೇಳಿ, ಅವನ ಮನಸ್ಸಿನ ಕಾಯಿಲೆಗಾಗಿಯೂ ಅವನು ನುಂಗುವ ಗುಳಿಗೆಗಾಗಿಯೂ ಕೊಡುವ ವೈದ್ಯರಿಗಾಗಿಯೂ ಪ್ರಾರ್ಥಿಸೋಣವೆಂದೆವು. ಯಾರೂ ಆಮೆನ್ ಅನ್ನಲಿಲ್ಲ. ನಾವು ಮುಂದಿನ ಮಾತಿಗೆ ಹೋಗಬೇಕೆನ್ನುವಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು ನಿಂತು, ತನ್ನ ಸೊಸೆಯ ಹೆಸರನ್ನು ಹೇಳಿದಳು. ಹೆತ್ತು ಹದಿನಾಲ್ಕು ದಿವಸವಾಯಿತು, ಐದು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಕೂಸನ್ನು ತನ್ನದಲ್ಲವೆನ್ನುತ್ತಾಳೆ, ಬಾಗಿಲು ಹಾಕಿಟ್ಟು ಬಂದಿದ್ದೇನೆಂದಳು. ಆ ದಿವಸದ ಪ್ರಸಂಗವನ್ನು ನಾವು ಮಾಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅತ್ತೆ ಸೊಸೆಯರ ಸಂಗಡ ನಮ್ಮ ಮನೆಯವರೂ ಆಶಾ ಕಾರ್ಯಕರ್ತೆಯೂ ಹೋದರು. ಕೂಸನ್ನು ಆ ವಿಧವೆಯು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.